ಹಳೇ ಬಿ450 ಮದರ್‌ಬೋರ್ಡ್: ಎಕ್ಸ್‌ಎಂಪಿ ಆನ್ ಮಾಡಿದ್ರೆ ರೀಸ್ಟಾರ್ಟ್. ತಪ್ಪು ಬೋರ್ಡಿನದಾ, ರ‍್ಯಾಮಿನದಾ?

ಪ್ರಶ್ನೆ:
ಸೆಕೆಂಡ್ ಹ್ಯಾಂಡ್ ಬಿ450 ಬೋರ್ಡ್, ರೈಜೆನ್ 5 3600 ಸಿಪಿಯು, 8+8 ಜಿಬಿ ಡಿಡಿಆರ್4 3200 ರ‍್ಯಾಮ್. ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆಫ್ ಇದ್ದರೆ 2133ರಲ್ಲಿ ಇಡೀ ದಿನ ಓಡುತ್ತೆ. ಆನ್ ಮಾಡಿದರೆ ಗೇಮ್ ಶುರುವಾಗಿ ಹತ್ತು ನಿಮಿಷಕ್ಕೆ ರೀಸ್ಟಾರ್ಟ್. ಪ್ಲಗ್ ತೆಗೆದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತೆ. ವಾಪಸ್ ಕೊಡೋಕೆ ಎರಡೇ ದಿನ ಇದೆ. ಬೋರ್ಡ್ ಸರಿ ಇದೆಯಾ ಅಂತ ಹೇಗೆ ಖಾತ್ರಿ ಮಾಡ್ಕೊಳ್ಳೋದು?

ಉತ್ತರ 1:
ತಾರೀಖಿನದು ಸಣ್ಣ ವಿಷಯ, ಬೋರ್ಡಿನ ಮೇಲಿರುವ ಸಿಆರ್2032 ಸೆಲ್ ಬದಲಿಸಿ. ಹಳೇದು 2.8 ವೋಲ್ಟ್‌ಗಿಂತ ಕಮ್ಮಿ ತೋರಿಸಿದರೆ ಅದೇ ಕಾರಣ.

ಮೊದಲು ರ‍್ಯಾಮ್ ಯಾವ ಸ್ಲಾಟಿನಲ್ಲಿದೆ ನೋಡಿ ಸರ್. ಸಿಪಿಯು ಕಡೆಯಿಂದ ಎಣಿಸಿ 2 ಮತ್ತು 4ರಲ್ಲಿರಬೇಕು. 1 ಮತ್ತು 3ರಲ್ಲಿಟ್ಟರೆ ಸಿಗ್ನಲ್ ಮುಂದಿನ ಖಾಲಿ ಸ್ಲಾಟಿನವರೆಗೂ ಹೋಗಿ ಅಲ್ಲಿಂದ ಪ್ರತಿಫಲಿಸುತ್ತೆ. 2133ರಲ್ಲಿ ಅದು ಗೊತ್ತಾಗಲ್ಲ, 3200ರಲ್ಲಿ ಕೈ ಕೊಡುತ್ತೆ. ಬಯೋಸ್ (ಬೋರ್ಡಿನ ಒಳಗಿನ ಮೂಲ ಸಾಫ್ಟ್‌ವೇರ್) ಕೂಡ ಅಪ್‌ಡೇಟ್ ಮಾಡಿ. ಬಿ450 ಬಂದದ್ದು 2018ರಲ್ಲಿ, 3600 ಬಂದದ್ದು 2019ರಲ್ಲಿ, ಹಳೇ ಬಯೋಸ್‌ಗೆ ಅದು ಸರಿಯಾಗಿ ಹೊಂದದಿರಬಹುದು. ಅಪ್‌ಡೇಟ್ ಆಗುವಾಗ ಎಕ್ಸ್‌ಎಂಪಿ ಆಫ್ ಇರಲಿ, ಕರೆಂಟ್ ಹೋಗದ ಹಾಗೆ ನೋಡ್ಕೊಳ್ಳಿ.

ಉತ್ತರ 2:
ವಿಆರ್‌ಎಂ (ಸಿಪಿಯುಗೆ ಬೇಕಾದ ವೋಲ್ಟೇಜ್ ಕೊಡುವ ಬೋರ್ಡಿನ ಭಾಗ) ಬಿಟ್ಟು ಬೋರ್ಡ್ ಪರೀಕ್ಷೆ ಮುಗಿಯಲ್ಲ. ಸಿಪಿಯುಗೆ ಪೂರ್ತಿ ಲೋಡ್ ಕೊಡುವ ಪ್ರೈಮ್95ರಲ್ಲಿ ಸ್ಮಾಲ್ ಎಫ್‌ಎಫ್‌ಟಿ ಪರೀಕ್ಷೆ ಅರ್ಧ ಗಂಟೆ ಓಡಿಸಿ, ಪಕ್ಕದಲ್ಲಿ ಬಿಸಿ ಮತ್ತು ಕ್ಲಾಕ್ (ಸಿಪಿಯು ವೇಗ) ತೋರಿಸುವ ಎಚ್‌ಡಬ್ಲ್ಯೂಇನ್ಫೋ ತೆರೆದಿಡಿ. ವಿಆರ್‌ಎಂ 90 ಡಿಗ್ರಿ ಒಳಗಿದ್ದರೆ ಒಳ್ಳೇದು. 105 ದಾಟಿ, ಕ್ಲಾಕ್ 3.6 ಗಿಗಾಹರ್ಟ್ಸ್‌ಗಿಂತ ಕೆಳಗೆ ಬಿದ್ದರೆ ತೊಂದರೆ ಇದೆ ಅಂತಲೇ ಲೆಕ್ಕ. ಕಡಿಮೆ ಬೆಲೆಯ ಎಷ್ಟೋ ಬೋರ್ಡುಗಳಲ್ಲಿ ಆ ಸೆನ್ಸರೇ ಇರಲ್ಲ, ಅಲ್ಲಿ ಕ್ಲಾಕನ್ನೇ ನಂಬಬೇಕು.

ಎಸ್‌ಎಂಪಿಎಸ್ (ಪವರ್ ಸಪ್ಲೈ) ಕೊಡುವ 12 ವೋಲ್ಟನ್ನು ಮಾತ್ರ ಸಾಫ್ಟ್‌ವೇರಿನಲ್ಲಿ ನೋಡಬೇಡಿ. ಲೋಡ್ ಇರುವಾಗಲೇ ಮಲ್ಟಿಮೀಟರಿನ ಕೆಂಪು ಪ್ರೋಬನ್ನು ಖಾಲಿ ಮೋಲೆಕ್ಸ್ ಕನೆಕ್ಟರಿನ ಹಳದಿ ತಂತಿಗೆ, ಕಪ್ಪು ಪ್ರೋಬನ್ನು ಪಕ್ಕದ ಕಪ್ಪು ತಂತಿಗೆ ಇಡಿ. 11.4ಕ್ಕಿಂತ ಕಮ್ಮಿ ಬಂದರೆ ತಪ್ಪು ಎಸ್‌ಎಂಪಿಎಸ್‌ದು, ಬೋರ್ಡಿನದಲ್ಲ.

ಪ್ರಶ್ನೆ ಕೇಳಿದವರು:
12.05 ಇದೆ, ವಿಆರ್‌ಎಂ 82. ರ‍್ಯಾಮ್ 1-3ರಲ್ಲೇ ಇತ್ತು! 2-4ಕ್ಕೆ ಹಾಕಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿದೆ, ಆದರೂ ಎರರ್. ಒಂದೊಂದೇ ಸ್ಟಿಕ್ ಹಾಕಿ ನೋಡಿದೆ: ಸ್ಲಾಟ್ 2ರಲ್ಲಿ ಎರಡೂ ಸ್ಟಿಕ್ ನಾಲ್ಕು ಪಾಸ್ ಮುಗಿಸಿದವು, 4ರಲ್ಲಿ ಎರಡಕ್ಕೂ ಎರರ್ ಬರ್ತಿದೆ. ಅಲ್ಲಿಗೆ ಬೋರ್ಡ್ ಹೋದ ಹಾಗೇನಾ?

ಉತ್ತರ 3:
ಇನ್ನೂ ಹಾಗೆ ಹೇಳೋಕಾಗಲ್ಲ. ಎರರ್ ಸ್ಟಿಕ್ ಜೊತೆ ಹೋಗದೆ ಸ್ಲಾಟಿನಲ್ಲೇ ಉಳಿದಿದೆ, ಅಂದರೆ ರ‍್ಯಾಮ್ ಸರಿ ಇದೆ. ಆದರೆ ಮೆಮೊರಿ ಕಂಟ್ರೋಲರ್ ಇರೋದು ಸಿಪಿಯು ಒಳಗೆ. ಎಎಂ4ರಲ್ಲಿ (ಈ ಬೋರ್ಡಿನ ಸಿಪಿಯು ಸಾಕೆಟ್) ಪಿನ್‌ಗಳೂ ಸಿಪಿಯು ತಳದಲ್ಲೇ ಇರುತ್ತವೆ, ಒಂದೇ ಪಿನ್ ಬಾಗಿದ್ದರೂ ರ‍್ಯಾಮಿನ ಒಂದು ಚಾನೆಲ್ (ಸಿಪಿಯು ಮತ್ತು ಸ್ಲಾಟ್ ನಡುವಿನ ದಾರಿ) ಕೆಡಬಹುದು.

ಕೂಲರ್ ಬಿಚ್ಚುವ ಮೊದಲು ಹತ್ತು ನಿಮಿಷ ಲೋಡ್ ಕೊಟ್ಟು ಬಿಸಿ ಮಾಡಿ. ಆಮೇಲೆ ಪವರ್ ತೆಗೆದು, ಕೂಲರನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ಎತ್ತಿ. ತಣ್ಣಗಿರುವಾಗ ನೇರ ಎಳೆದರೆ ಥರ್ಮಲ್ ಪೇಸ್ಟಿಗೆ ಅಂಟಿಕೊಂಡು ಸಿಪಿಯುವೇ ಸಾಕೆಟ್‌ನಿಂದ ಕಿತ್ತು ಬರುತ್ತೆ, ಪಿನ್ ಬಾಗೋದು ಆಗಲೇ. ಸಿಪಿಯು ಹೊರತೆಗೆದು, ಟಾರ್ಚನ್ನು ಅಡ್ಡ ಹಿಡಿದು ಪಿನ್ ಸಾಲುಗಳನ್ನು ನಾಲ್ಕೂ ಕಡೆಯಿಂದ ನೋಡಿ, ಸಾಲು ತಪ್ಪಿದ್ದು ತಕ್ಷಣ ಕಾಣುತ್ತೆ. ಸಾಕೆಟ್ ತೂತುಗಳಲ್ಲಿ ಪೇಸ್ಟ್ ಇಳಿದಿದೆಯಾ ಅಂತಲೂ ನೋಡಿ. ಸ್ಲಾಟ್ 4ಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಪೂರ್ತಿ ಒಣಗಿದ ಮೇಲೆ ಮತ್ತೆ ಓಡಿಸಿ.

ಇಷ್ಟಾದರೂ ಎರರ್ ನಿಲ್ಲದಿದ್ದರೆ ಯಾರದಾದರೂ ಎಎಂ4 ಸಿಪಿಯು ಒಂದು ಗಂಟೆಗೆ ತಂದು ಹಾಕಿ ನೋಡಿ. ಅದರಲ್ಲೂ ಸ್ಲಾಟ್ 4ಕ್ಕೇ ಎರರ್ ಬಂದರೆ ಬೋರ್ಡ್ ವಾಪಸ್ ಕೊಟ್ಟುಬಿಡಿ.