ಪುಣೆಯ ಸುತ್ತ ಚೈತ್ರ-ವೈಶಾಖದಲ್ಲಿ ಗಾಳ ಹಾಕುವುದು: ಎಲ್ಲಿ, ಹೇಗೆ, ಯಾರ ಅನುಮತಿಯಿಂದ?

ಪ್ರಶ್ನೆ: ಭೀಮಾತೀರದವ

ನಾನು ಇಂಡಿ ತಾಲ್ಲೂಕಿನ ಭೀಮಾ ದಂಡೆಯ ಊರಿನವನು. ಉದ್ಯೋಗದ ನಿಮಿತ್ತ ಪಿಂಪ್ರಿ-ಚಿಂಚವಾಡದಲ್ಲಿ ನೆಲೆಸಿದ್ದೇನೆ. ಊರಿನಲ್ಲಿ ಹೋಳಿ ಹುಣ್ಣಿಮೆ ಕಳೆದು, ಹೊಳೆ ಸೊರಗಿ, ನೀರೆಲ್ಲ ಮಡುಗಳಿಗೆ ಇಳಿದ ಮೇಲೆ ಬಿದಿರಿನ ಕೋಲಿಗೆ ತಂಗೂಸಿ ದಾರ ಕಟ್ಟಿ, ನವಿಲುಗರಿಯ ದಂಟನ್ನೇ ಬೆಂಡಾಗಿ ಬಳಸಿ ಮೀನು ಹಿಡಿಯುತ್ತಿದ್ದೆವು. ಈಗ ಮಗಳು ತಾನೂ ಗಾಳ ಹಾಕುವುದನ್ನು ಕಲಿಯಬೇಕೆಂದು ಹಠ ಹಿಡಿದಿದ್ದಾಳೆ. ಮನೆಯ ಹತ್ತಿರ ಹರಿಯುವ ಪವನಾ ನದಿಯ ನೀರನ್ನು ನೋಡಿದರೆ ಅದರಲ್ಲಿ ಗಾಳ ಇಳಿಸಲು ಮನಸ್ಸು ಬರುವುದಿಲ್ಲ.

ಯುಗಾದಿಯಿಂದ ಮಳೆಗಾಲದವರೆಗೆ ಪುಣೆಯ ಸುತ್ತಮುತ್ತ ಯಾವ ದಂಡೆ ಸೂಕ್ತ, ಯಾವ ಮೀನಿಗೆ ಯಾವ ಎರೆ, ಅನುಮತಿಯನ್ನು ಯಾರಲ್ಲಿ ಕೇಳಬೇಕು, ಹಿಡಿದ ಮೀನನ್ನು ತಿನ್ನಬಹುದೇ ಎಂಬುದನ್ನು ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ. ಅಂಗಡಿಯವರು ದುಬಾರಿ ರಾಡು, ರೀಲು ತೋರಿಸುತ್ತಿದ್ದಾರೆ. ಅದೆಲ್ಲ ನಿಜವಾಗಿಯೂ ಬೇಕೇ?

ಉತ್ತರ: ಮುಳಶಿ ದಾರಿಹೋಕ

ನಗರದೊಳಗಿನ ಮುಳಾ, ಮುಠಾ, ಪವನಾಗಳ ಆಸೆಯನ್ನು ಬಿಡಿ. ಅವುಗಳ ಮೇಲ್ಭಾಗದಲ್ಲಿ, ಸಹ್ಯಾದ್ರಿಯ ಬುಡದಲ್ಲಿರುವ ಅಣೆಕಟ್ಟುಗಳ ಹಿನ್ನೀರಿನತ್ತ ನೋಡಿ. ನಿಮಗೆ ಹತ್ತಿರವಾದದ್ದು ಪವನಾ ಜಲಾಶಯ. ಮುಠಾ ಕಣಿವೆಯ ಕಡೆ ಹೋಗುವುದಾದರೆ ಖಡಕವಾಸಲಾಕ್ಕಿಂತ ಮುಂದಿರುವ ಪಾನಶೇತ್ ಮತ್ತು ವರಸಗಾಂವ್ ವಾಸಿ. ಖಡಕವಾಸಲಾ 1879ರಷ್ಟು ಹಳೆಯ ಕಟ್ಟೆ. ಅದರ ಒಂದು ದಂಡೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ವಶದಲ್ಲಿದ್ದು ಅಲ್ಲಿ ಪ್ರವೇಶವಿಲ್ಲ. ಇನ್ನೊಂದು ದಂಡೆಯ ರಸ್ತೆಯಲ್ಲಿ ಭಾನುವಾರ ಭಜಿ ತಿನ್ನಲು ಬರುವವರ ಜಾತ್ರೆ ನೆರೆದಿರುತ್ತದೆ. ಮೀನು ಅಷ್ಟು ಗದ್ದಲದ ದಡಕ್ಕೆ ಬರುವುದಿಲ್ಲ.

ಹೊಳೆಯ ಮಡುವಿನಲ್ಲಿ ಕಲಿತವರು ಜಲಾಶಯದಲ್ಲಿ ಗಮನಿಸಬೇಕಾದ ಮೊದಲ ಸಂಗತಿ ನೀರಿನ ಇಳಿತ. ನಗರದ ಕುಡಿಯುವ ನೀರಿಗೂ ಬೇಸಾಯಕ್ಕೂ ಬಿಡುತ್ತ ಬಿಡುತ್ತ ಫಾಲ್ಗುಣದಿಂದ ಜ್ಯೇಷ್ಠದವರೆಗೆ ಜಲಾಶಯ ಒಂದೇ ಸಮನೆ ಕುಗ್ಗುತ್ತದೆ. ಹೋದ ಭಾನುವಾರ ಕುಳಿತ ಕಲ್ಲು ಈ ಭಾನುವಾರ ಒಣನೆಲದ ನಡುವೆ ಇರುತ್ತದೆ. ಆದ್ದರಿಂದ ಜಾಗವನ್ನು ನೆನಪಿಟ್ಟುಕೊಳ್ಳುವುದಕ್ಕಿಂತ ನೆಲದ ಆಕಾರವನ್ನು ನೆನಪಿಟ್ಟುಕೊಳ್ಳುವುದು ಲಾಭದಾಯಕ. ಮುಳುಗಡೆಗೆ ಮುಂಚೆ ಹೊಳೆ ಹರಿಯುತ್ತಿದ್ದ ಪಾತ್ರದ ತಿರುವು, ಹಳ್ಳಗಳು ಬಂದು ಸೇರುವ ಬಾಯಿ, ಮುಳುಗಿರುವ ಮರದ ಬೊಡ್ಡೆ ಮತ್ತು ಬಂಡೆಗಳ ಸಾಲು, ಇವುಗಳ ಸುತ್ತ ಮೀನು ಸೇರುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನ ಕಳೆದ ಮೇಲೆ ಘಟ್ಟದ ಕಡೆಯಿಂದ ಪಡುವಣ ಗಾಳಿ ಏಳುತ್ತದೆ. ಮೇಲ್ನೀರಿನ ಸೂಕ್ಷ್ಮಜೀವಿಗಳನ್ನು ಅದು ಮೂಡಣ ದಂಡೆಗೆ ತಳ್ಳುವುದರಿಂದ ಅಲೆ ಬಡಿಯುವ ಆ ದಂಡೆಯೇ ಸಂಜೆಗೆ ಒಳ್ಳೆಯದು. ಎಸೆಯುವುದು ಕಷ್ಟವೆಂದು ಹೆಚ್ಚಿನವರು ಗಾಳಿಗೆ ಬೆನ್ನು ಕೊಟ್ಟು ಶಾಂತವಾದ ದಂಡೆಯಲ್ಲಿ ಕೂರುತ್ತಾರೆ ಮತ್ತು ಬರಿಗೈಯಲ್ಲಿ ಮರಳುತ್ತಾರೆ.

ಎರೆಯ ವಿಷಯ. ಕಾಟ್ಲಾದ ಬಾಯಿ ಮೇಲಕ್ಕೆ ತಿರುಗಿದೆ, ಅದು ಮೇಲ್ನೀರಿನಲ್ಲಿ ತಿನ್ನುತ್ತದೆ, ರೋಹು ನಡುನೀರಿನದು, ಮೃಗಾಲ್ ಕೆಳಬಾಯಿಯ ಮೀನು, ತಳದ ಕೆಸರನ್ನು ಕೆದಕುತ್ತದೆ. ಮೂರಕ್ಕೂ ಹಿಟ್ಟಿನುಂಡೆ ನಡೆಯುತ್ತದೆ. ಬೆಂಡಿನಿಂದ ಗಾಳದವರೆಗಿನ ಅಂತರವನ್ನು ಮಾತ್ರ ಮೀನಿಗೆ ತಕ್ಕಂತೆ ಬದಲಿಸಬೇಕು. ಗೋಧಿಹಿಟ್ಟಿಗೆ ಶೇಂಗಾ ಹಿಂಡಿ ಬೆರೆಸಿ, ಜಜ್ಜಿದ ಬೆಳ್ಳುಳ್ಳಿ ಸೇರಿಸಿ, ಪೂರಿಯ ಹಿಟ್ಟಿನಷ್ಟು ಗಟ್ಟಿಯಾಗಿ ನಾದಿಕೊಳ್ಳಿ. ಸಡಿಲವಾದರೆ ಎಸೆಯುವಾಗಲೇ ಕಳಚಿ ಬೀಳುತ್ತದೆ. ಇಲ್ಲಿಯವರು ಚಿಲಾಪಿ ಎನ್ನುವ ತಿಲಾಪಿಯಾಕ್ಕೆ ಎರೆಹುಳು ಸಾಕು; ಬೆಚ್ಚಗಾದ ತೆಳುನೀರಿನಲ್ಲಿ ಅದು ಗುಂಡಾದ ಗುಳಿ ತೋಡಿ ಮೊಟ್ಟೆಯಿಡುವ ಕಾಲ ಇದೇ ಆದ್ದರಿಂದ ದಂಡೆಯ ಹತ್ತಿರವೇ ಸಿಗುತ್ತದೆ. ಮಗಳು ಕಲಿಯಲು ಇದಕ್ಕಿಂತ ತಕ್ಕ ಮೀನಿಲ್ಲ.

ರೀಲಿನ ಬಗ್ಗೆ ಹೇಳುವುದಾದರೆ, ಮಡುವಿನಲ್ಲಿ ಆಳ ಕಾಲಬುಡದಲ್ಲೇ ಇರುತ್ತದೆ, ಅಲ್ಲಿ ಬಿದಿರಿನ ಕೋಲು ಸಾಕು. ಇಳಿದ ಜಲಾಶಯದ ದಡ ಇಳಿಜಾರಾಗಿದ್ದು ಆಳ ದೂರದಲ್ಲಿರುವುದರಿಂದ ರೋಹು, ಮೃಗಾಲ್ ಹಿಡಿಯಲು ಒಂದು ಸಾಧಾರಣ ಸ್ಪಿನ್ನಿಂಗ್ ರೀಲು ಬೇಕಾಗುತ್ತದೆ. ಚಿಲಾಪಿಗೆ ನಿಮ್ಮ ಹಳೆಯ ಕೋಲೇ ಆದೀತು. ದುಬಾರಿ ರಾಡು ಅಂಗಡಿಯವನಿಗೆ ಮಾತ್ರ ಅಗತ್ಯ.

ಉತ್ತರ: ಕರಾವಳಿಯವಳು, ಈಗ ಔಂಧ್

ಅನುಮತಿಯ ಪ್ರಶ್ನೆಗೆ ಮೇಲಿನವರು ಉತ್ತರಿಸಿಲ್ಲ; ನನ್ನ ದೃಷ್ಟಿಯಲ್ಲಿ ಉಳಿದೆಲ್ಲಕ್ಕಿಂತ ಮೊದಲು ಬರಬೇಕಾದದ್ದು ಅದು. ನಾನು ಮೀನುಗಾರಿಕಾ ವಿಜ್ಞಾನವನ್ನು ಓದಿದವಳು. ರೋಹು, ಕಾಟ್ಲಾ, ಮೃಗಾಲ್‌ಗಳು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಅವಕ್ಕೆ ಮಳೆಗಾಲದ ಹರಿವು ಬೇಕು. ಜಲಾಶಯದಲ್ಲಿ ನೀವು ಹಿಡಿಯುವ ರೋಹು ಬಹುಮಟ್ಟಿಗೆ ಯಾರೋ ಹಣ ಕೊಟ್ಟು ತಂದು ಬಿಟ್ಟ ಮರಿಯೇ ಬೆಳೆದದ್ದು. ಮಹಾರಾಷ್ಟ್ರದಲ್ಲಿ ಜಲಾಶಯದ ಮೀನಿನ ಹಕ್ಕನ್ನು ಮೀನುಗಾರಿಕಾ ಇಲಾಖೆಯು ಮೀನುಗಾರರ ಸಹಕಾರ ಸಂಘಗಳಿಗೆ ಗುತ್ತಿಗೆಯ ಮೇಲೆ ಕೊಡುತ್ತದೆ, ಮರಿ ಬಿಡುವ ಖರ್ಚು ಆ ಸಂಘದ ಮೇಲೆ ಬೀಳುತ್ತದೆ. ಆದ್ದರಿಂದ ದಂಡೆಯ ಹಳ್ಳಿಯಲ್ಲಿ ಸಂಘದವರನ್ನು ಹುಡುಕಿ, ಕೇಳಿ, ಅವರು ಹೇಳಿದ ಶುಲ್ಕ ಕೊಟ್ಟು ಕುಳಿತುಕೊಳ್ಳುವುದೇ ಸರಿಯಾದ ಮಾರ್ಗ. ಪುಸ್ತಕದಲ್ಲಿಲ್ಲದ ಉಪಯೋಗವೂ ಅದರಲ್ಲಿದೆ: ಯಾವ ಹಳ್ಳದ ಬಾಯಲ್ಲಿ ಈ ವಾರ ಮೀನಿದೆ ಎಂಬುದನ್ನು ಅವರೇ ಹೇಳಿಬಿಡುತ್ತಾರೆ. ಅಣೆಕಟ್ಟೆಯ ಗೋಡೆ ಮತ್ತು ಬಾಗಿಲುಗಳ ಸಮೀಪ ಯಾರ ಅನುಮತಿಯೂ ನಡೆಯುವುದಿಲ್ಲ.

ಇನ್ನು ಹೊತ್ತಿನ ವಿಚಾರ. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. 30 ಡಿಗ್ರಿಗೆ ಏರಿದರೆ ಅದು ಏಳೂವರೆಯ ಆಸುಪಾಸಿಗೆ ಇಳಿಯುತ್ತದೆ. ಏಪ್ರಿಲ್-ಮೇ ತಿಂಗಳ ನಡುಹಗಲಿನಲ್ಲಿ ಮೀನು ಆಳಕ್ಕೆ ಸರಿದು ಬಾಯಿ ಮುಚ್ಚಿಕೊಳ್ಳುವುದು ಈ ಕಾರಣಕ್ಕೆ. ಸ್ವಚ್ಛವಾದ ಹಿನ್ನೀರಿನಲ್ಲಿ ಬೆಳಗಿನ ಜಾವವೂ ಮುಸ್ಸಂಜೆಯೂ ಅತ್ಯುತ್ತಮ. ಆದರೆ ಕೊಳಚೆ ಸೇರಿ ಹಸಿರುಗಟ್ಟಿದ ಕೆರೆಯಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ: ರಾತ್ರಿಯಿಡೀ ಪಾಚಿಯೂ ಉಸಿರಾಡುವುದರಿಂದ ಸೂರ್ಯೋದಯಕ್ಕೆ ಮುಂಚೆ ಆಮ್ಲಜನಕ ತೀರ ಕೆಳಮಟ್ಟದಲ್ಲಿರುತ್ತದೆ ಮತ್ತು ಮೀನುಗಳು ಮೇಲೆ ಬಂದು ಬಾಯಿ ತೆರೆದು ನಿಲ್ಲುತ್ತವೆ. ಅದನ್ನು ಕಂಡು ಮೀನು ಹಸಿದಿದೆ ಎಂದು ಗಾಳ ಹಾಕುವವರಿದ್ದಾರೆ. ಅದು ಉಸಿರಿಗಾಗಿ ಪರದಾಡುತ್ತಿರುವ ಮೀನು. ಅಂಥ ನೀರಿನಿಂದ ಏನನ್ನೂ ಮನೆಗೆ ತರಬಾರದು.

ತಿನ್ನುವ ಬಗ್ಗೆ ನನ್ನ ನಿಯಮ ಸರಳ. ನಗರಕ್ಕಿಂತ ಮೇಲಿನ ಹಿನ್ನೀರಿನ ಮೀನನ್ನು ತಿನ್ನುತ್ತೇನೆ, ಕೆಳಗಿನದನ್ನು ಮುಟ್ಟುವುದಿಲ್ಲ.

ಉತ್ತರ: ದೌಂಡ್ ರೈಲ್ವೆ

ಕೆಳಗಿನದನ್ನು ಮುಟ್ಟುವುದಿಲ್ಲ ಎಂದರೆ ಭೀಮಾ ನದಿಯ ಉಜನಿ ಜಲಾಶಯವನ್ನೇ ಬಿಟ್ಟಂತಾಯಿತು. ಇದನ್ನು ನಾನು ಪೂರ್ತಿ ಒಪ್ಪಲಾರೆ. ಮುಳಾ-ಮುಠಾ ಭೀಮೆಗೆ ಸೇರಿ ಉಜನಿಗೆ ಬರುತ್ತದೆ ಎಂಬುದು ನಿಜ, ಪುಣೆಯ ಕೊಳೆಯೆಲ್ಲ ಅಲ್ಲಿ ತಂಗುತ್ತದೆ ಎಂಬುದೂ ನಿಜ. (ಪ್ರಶ್ನೆ ಕೇಳಿದವರ ಊರಿನ ಮಡುವಿಗೆ ಹೋಗುವುದೂ ಅಲ್ಲಿಂದ ಬಿಟ್ಟ ನೀರೇ.) ಆದರೂ ಉಜನಿ ದಂಡೆಯ ಭಿಗವಣದ ಮಾರುಕಟ್ಟೆ ನಡೆಯುವುದು ಆ ಮೀನಿನಿಂದ, ಎಷ್ಟೋ ಸಂಸಾರಗಳು ಅದನ್ನೇ ಮಾರಿ, ಅದನ್ನೇ ಉಂಡು ಬದುಕುತ್ತಿವೆ. ಗಾಳದ ಆಟಕ್ಕಾದರೂ ಉಜನಿಯಷ್ಟು ವಿಶಾಲವಾದ, ಮೀನು ದಟ್ಟವಾಗಿರುವ ದಂಡೆ ಪುಣೆ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಅಲ್ಲಿ ಚಿಲಾಪಿಯದೇ ರಾಜ್ಯ. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷ ಪಳಸದೇವದ ಮುಳುಗಡೆಯಾದ ಹಳೆಯ ದೇವಾಲಯ ಹೊರಬರುತ್ತದೆ; ಮಗಳಿಗೆ ಅದನ್ನೂ ತೋರಿಸಬಹುದು. ಚಳಿಗಾಲಕ್ಕೆ ಬಂದ ರಾಜಹಂಸಗಳು ವಸಂತದಲ್ಲೂ ಇರುತ್ತವೆ, ಅವು ಮೇಯುವ ತೆಳುನೀರಿನತ್ತ ಹೋಗಬೇಡಿ.

ಎರಡು ಮೀನುಗಳ ಬಗ್ಗೆ ಎಚ್ಚರಿಕೆ ಅಗತ್ಯ. ಮೊದಲನೆಯದು, ಆಫ್ರಿಕಾ ಮೂಲದ ಮಾಂಗುರ್ ಎಂಬ ಮೀಸೆಮೀನು. ಅದರ ಸಾಕಣೆಗೆ ನಿಷೇಧವಿದ್ದರೂ ನೀರಿಗೆ ಸೇರಿಬಿಟ್ಟಿದೆ. ಅದು ಗಾಳಕ್ಕೆ ಬಿದ್ದರೆ ದಯೆ ತೋರಿ ನೀರಿಗೆ ಮರಳಿಸಬೇಡಿ, ಏಕೆಂದರೆ ಸಿಕ್ಕಿದ್ದನ್ನೆಲ್ಲ ನುಂಗುವ ಮೀನು ಅದು. ಎರಡನೆಯದು ಮರಳ, ಅಂದರೆ ನಮ್ಮ ಕೊರವ. ಮಳೆಗೆ ಮುಂಚಿನ ದಿನಗಳಲ್ಲಿ ಕೆಂಪು ಮರಿಗಳ ಹಿಂಡು ನೀರಿನ ಮೇಲೆ ಒಂದೇ ಮುದ್ದೆಯಾಗಿ ಚಲಿಸುವುದು ಕಂಡರೆ ಅದರ ಕೆಳಗೆ ತಾಯ್ತಂದೆ ಕಾವಲಿರುತ್ತವೆ ಎಂದು ತಿಳಿಯಿರಿ. ಮರಿಗಳ ನಡುವೆ ಕಪ್ಪೆಯ ಎರೆಯನ್ನು ಎಸೆದರೆ ಕೊರವ ಖಂಡಿತ ಎರಗುತ್ತದೆ, ಅದು ಎರಗುವುದು ಸಿಟ್ಟಿನಿಂದ. ಹಾಗೆ ಹಿಡಿದ ಮೀನನ್ನು ಹೆಮ್ಮೆಯಿಂದ ಚಿತ್ರ ತೆಗೆಸಿಕೊಳ್ಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಕಾವಲು ತಪ್ಪಿದ ಮರಿಗಳನ್ನು ಚಿಲಾಪಿಗಳು ಬೇಗನೆ ಮುಗಿಸುತ್ತವೆ.

ಪ್ರಶ್ನೆ ಕೇಳಿದವರು: ಭೀಮಾತೀರದವ

ಎಲ್ಲರಿಗೂ ಕೃತಜ್ಞತೆಗಳು. ಸದ್ಯಕ್ಕೆ ಪವನಾ ಹಿನ್ನೀರಿನ ಸಂಘದವರನ್ನು ಕಂಡು ಬರಲು ನಿಶ್ಚಯಿಸಿದ್ದೇನೆ. ಇನ್ನೊಂದು ಸಂಶಯ: ಇಂದ್ರಾಯಣಿ ನದಿಯಲ್ಲಿ ಮಹಸೀರ್ ಎಂಬ ದೊಡ್ಡ ಹೊಳೆಮೀನು ಇದೆಯೆಂದು ಸಹೋದ್ಯೋಗಿಯೊಬ್ಬರು ಹೇಳಿದರು. ಅದಕ್ಕೆ ಗಾಳ ಹಾಕಬಹುದೇ?

ಉತ್ತರ: ತೀರ್ಥಹಳ್ಳಿ ಮೂಲದವ, ಕೋಥರೂಡ್

ದಯವಿಟ್ಟು ಬೇಡ. ಸಂತ ತುಕಾರಾಮರ ಊರಾದ ದೇಹೂವಿನಲ್ಲಿ ಇಂದ್ರಾಯಣಿಯ ಸ್ನಾನಘಟ್ಟದ ಮೀನುಗಳನ್ನು ಭಕ್ತರು ಕಾಪಾಡಿಕೊಂಡು ಬಂದವರು, ನಮ್ಮ ಶೃಂಗೇರಿ ಮತ್ತು ಶಿಶಿಲದ ದೇವರ ಮೀನುಗಳನ್ನು ಕಾಪಾಡಿದ ರೀತಿಯಲ್ಲೇ. ಆ ಮೀನಿನ ಕಥೆ ಪುಣೆಗೆ ವಿಶೇಷವಾದದ್ದು. ದಖ್ಖನ್ನಿನ ಮಹಸೀರನ್ನು 1839ರಲ್ಲಿ ಮೊದಲ ಬಾರಿಗೆ ವೈಜ್ಞಾನಿಕವಾಗಿ ವರ್ಣಿಸಿದ ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಸೈಕ್ಸ್ ಅದನ್ನು ಪಡೆದದ್ದು ಪುಣೆಯಿಂದ ಮೂಡಣಕ್ಕೆ ಕೆಲವೇ ಮೈಲಿ ದೂರದ ಮುಳಾ-ಮುಠಾ ನದಿಯಲ್ಲಿ. ಇಂದು ಅಲ್ಲಿ ನೊರೆ ತೇಲುತ್ತದೆ.

ಮುಂದೆ 1970ರ ದಶಕದಿಂದ ಲೋಣಾವಳಾದ ವಳವಣದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯವರು ಈ ಮೀನಿನ ಮರಿ ಮಾಡಿಸಿ ಹಲವು ರಾಜ್ಯಗಳಿಗೆ ಕೊಟ್ಟರು. ಆ ಮರಿಗಳು ನಮ್ಮ ಕಾವೇರಿಗೂ ಬಂದವು. ಉದ್ದೇಶ ಒಳ್ಳೆಯದಿದ್ದರೂ, ರಾಗಿ ಮುದ್ದೆಯ ಎರೆಗೆ ಬೀಳುತ್ತಿದ್ದ ಕಾವೇರಿಯ ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಮಹಸೀರ್ ಹಿಂದೆ ಸರಿದು, ಹೊರಗಿನಿಂದ ಬಂದ ನೀಲಿ ರೆಕ್ಕೆಯ ಈ ದಖ್ಖನ್ನಿನ ಮಹಸೀರ್ ಹೆಚ್ಚುತ್ತ ಹೋಯಿತು. 2018ರಲ್ಲಿ ಆ ಗೂನುಬೆನ್ನಿನ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ನಿಶ್ಚಯವಾಗುವ ಹೊತ್ತಿಗೆ ಅದು ಅಳಿವಿನ ಅತ್ಯಂತ ಸಮೀಪದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಒಂದು ನದಿಯ ಮೀನನ್ನು ಇನ್ನೊಂದಕ್ಕೆ ಬಿಡುವವರು ಇಂದಿಗೂ ಇದ್ದಾರೆ; ಮಗಳಿಗೆ ಗಾಳದ ಗಂಟಿನ ಜೊತೆ ಇದನ್ನೂ ಕಲಿಸಿ. ಹಿನ್ನೀರಿನಲ್ಲಿ ಆಕಸ್ಮಿಕವಾಗಿ ಮಹಸೀರ್ ಸಿಕ್ಕರೆ ಒದ್ದೆ ಕೈಯಿಂದ ಹಿಡಿದು, ನೀರಿನಲ್ಲೇ ಗಾಳ ಬಿಡಿಸಿ, ತಲೆಯನ್ನು ನೀರಿನೊಳಗಿಟ್ಟು ಅದು ತಾನಾಗಿ ಈಜುವವರೆಗೆ ಆಧರಿಸಿ ಬಿಡಿ. ಗಾಳದ ತುದಿಯ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿ ಚಪ್ಪಟೆ ಮಾಡಿಕೊಂಡಿದ್ದರೆ ಈ ಕೆಲಸ ಸುಲಭ, ಮಗುವಿನ ಬೆರಳಿಗೆ ಚುಚ್ಚಿದರೂ ತೆಗೆಯುವುದು ಸುಲಭ.

ಉತ್ತರ: ಮುಳಶಿ ದಾರಿಹೋಕ

ಮಗಳು ಜೊತೆಗಿರುವುದರಿಂದ ಇಷ್ಟನ್ನು ಸೇರಿಸುತ್ತೇನೆ. ನೀರು ಹಿಂದೆ ಸರಿದ ಜಾಗದ ಕೆಸರು ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ಮೊಣಕಾಲಿನವರೆಗೆ ಹೂಳುವಷ್ಟು ಮೆತ್ತಗಿರುತ್ತದೆ. ಜಲ್ಲಿ ಅಥವಾ ಬಂಡೆಯಿರುವ ದಡವನ್ನೇ ಆರಿಸಿಕೊಳ್ಳಿ. ಹಳೆಯ ಹೊಳೆಪಾತ್ರದ ಅಂಚು ಒಮ್ಮೆಲೇ ಕಡಿದಾಗುವುದರಿಂದ ಮೊಣಕಾಲು ನೀರಿಗೂ ಇಳಿಯುವುದು ಬೇಡ, ಮಗಳಿಗೆ ಲೈಫ್ ಜಾಕೆಟ್ ಹಾಕಿಸಿ. ಏಪ್ರಿಲ್ ಕೊನೆಯಿಂದ ಸಂಜೆ ಗುಡುಗು ಮಳೆ ಬರುತ್ತದೆ. ಕಾರ್ಬನ್ ಫೈಬರಿನ ರಾಡು ವಿದ್ಯುತ್ತನ್ನು ಹಾಯಿಸುತ್ತದೆ. ಬಯಲು ದಂಡೆಯಲ್ಲಿ ಅದನ್ನು ಎತ್ತಿ ಹಿಡಿದು ನಿಂತವರೇ ಸುತ್ತಲಿನ ಅತಿ ಎತ್ತರದ ವಸ್ತುವಾಗಿರುತ್ತಾರೆ. ಮೊದಲ ಗುಡುಗು ಕೇಳಿದೊಡನೆ ರಾಡನ್ನು ನೆಲಕ್ಕಿಟ್ಟು, ಮೀನು ಎಳೆಯುತ್ತಿದ್ದರೂ ಬಿಟ್ಟು, ವಾಹನದೊಳಗೆ ಹೋಗಿ ಕುಳಿತುಕೊಳ್ಳಿ.

ಸಂಘದವರು ಪವನಾದಲ್ಲಿ ಎಷ್ಟು ಶುಲ್ಕ ಹೇಳಿದರು, ಯಾವ ದಂಡೆ ತೋರಿಸಿದರು ಎಂಬುದನ್ನು ಇಲ್ಲಿಯೇ ಬರೆದರೆ ಮುಂದಿನ ಭಾನುವಾರ ಹೊರಡುವ ಉಳಿದವರಿಗೂ ಉಪಯೋಗವಾಗುತ್ತದೆ.