ಹಬ್ಬಕ್ಕೆ ಮುಟ್ಟು ಮುಂದೂಡುವ ಮಾತ್ರೆ: ಮೂರು ದಿನ ಮೊದಲೇ ಯಾಕೆ ಶುರು ಮಾಡಬೇಕು?

ಸಹ್ಯಾದ್ರಿ_ಸಿರಿ ಕೇಳಿದ್ದು:

ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತು ಅಂದರೆ ನೊರೆಥಿಸ್ಟರಾನ್ 5 ಮಿ.ಗ್ರಾಂ ಮಾತ್ರೆ ಕೇಳಿಕೊಂಡು ಬರುವವರು ಹೆಚ್ಚಾಗುತ್ತಾರೆ. "ಮೂರು ದಿನ ಮೊದಲು ಶುರು ಮಾಡಿ, ದಿನಕ್ಕೆ ಮೂರು" ಅನ್ನೋದು ಎಲ್ಲರ ಬಾಯಲ್ಲೂ ಇದೆ, ಯಾಕೆ ಅಂತ ಬಿಡಿಸಿ ಹೇಳುವವರು ಕಡಿಮೆ. ಮುಟ್ಟಾಗುವ ದಿನ ಬೆಳಿಗ್ಗೆ ನುಂಗಿದರೆ ಯಾಕೆ ನಿಲ್ಲಲ್ಲ? ಮಾತ್ರೆ ಬಿಟ್ಟ ಎರಡು-ಮೂರು ದಿನಕ್ಕೇ ರಕ್ತ ಬರೋದು ಯಾಕೆ? ಒಳಗೆ ಯಾವ ಹಾರ್ಮೋನ್ ಏನು ಮಾಡ್ತಿರುತ್ತೆ ಅನ್ನೋದರಿಂದ ಶುರು ಮಾಡಿ ತಿಳಿಸಿ.

ಅಂಡಾಶಯ_ಪಾಠ:

ಮುಟ್ಟು ಬರೋದು ಯಾವುದೋ ಹಾರ್ಮೋನ್ ಏರಿದ್ದರಿಂದ ಅಲ್ಲ, ಗರ್ಭಕೋಶದ ಒಳಪದರವನ್ನು ಹಿಡಿದಿಡುವ ಪ್ರೊಜೆಸ್ಟರಾನ್ ಹಾರ್ಮೋನ್ ಇಳಿದದ್ದರಿಂದ. ಇದು ಮನಸ್ಸಿಗೆ ಬಂದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತೆ.

ಚಕ್ರದ ಮೊದಲ ಅರ್ಧದಲ್ಲಿ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಹಾರ್ಮೋನ್ ಎಫ್‌ಎಸ್‌ಎಚ್ ಕೋಶಿಕೆಯನ್ನು (ಅಂಡಾಶಯದಲ್ಲಿ ಅಂಡ ಬೆಳೆಯುವ ಚೀಲ) ಬೆಳೆಸುತ್ತೆ, ಕೋಶಿಕೆ ಈಸ್ಟ್ರಡಯಾಲ್ ಎಂಬ ಹಾರ್ಮೋನ್ ಸುರಿಸುತ್ತೆ, ಅದರಿಂದ ಗರ್ಭಕೋಶದ ಒಳಪದರ ದಪ್ಪವಾಗುತ್ತೆ. ಈಸ್ಟ್ರಡಯಾಲ್ ಸಾಮಾನ್ಯವಾಗಿ ಪಿಟ್ಯುಟರಿಯನ್ನು ತಡೆದೇ ಹಿಡಿಯೋದು. ಆದರೆ ಮಿಲಿಲೀಟರಿಗೆ ಸುಮಾರು 200 ಪಿಕೋಗ್ರಾಂ ಮಟ್ಟದಲ್ಲಿ ಎರಡು ದಿನ ನಿಂತರೆ ಅದೇ ಹಾರ್ಮೋನ್ ತಿರುಗಿ, ಪಿಟ್ಯುಟರಿಯ ಇನ್ನೊಂದು ಹಾರ್ಮೋನ್ ಆದ ಎಲ್‌ಎಚ್ ಉಕ್ಕೇರುವಂತೆ ಮಾಡುತ್ತೆ. ಆ ಉಕ್ಕು ಶುರುವಾದ 34–36 ಗಂಟೆಗೆ ಅಂಡ ಬಿಡುಗಡೆ. ಇಡೀ ಚಕ್ರದಲ್ಲಿ ಇಷ್ಟು ಸೊಗಸಾದ ತಿರುವು ಇನ್ನೊಂದಿಲ್ಲ.

ಅಂಡ ಹೋದ ಮೇಲೆ ಉಳಿದ ಕೋಶಿಕೆಯೇ ಕಾರ್ಪಸ್ ಲೂಟಿಯಂ. ಪ್ರೊಜೆಸ್ಟರಾನ್ ಮಾಡೋದು ಇದು. ಅಂಡ ಬಿಡುಗಡೆಯಾದ ಸುಮಾರು ಏಳನೇ ದಿನ ಮಟ್ಟ ತುತ್ತತುದಿಗೆ ಹೋಗುತ್ತೆ. ಗರ್ಭ ನಿಲ್ಲದಿದ್ದರೆ, ಗರ್ಭದಿಂದ ಬರುವ ಹಾರ್ಮೋನ್ ಎಚ್‌ಸಿಜಿಯ ಆಸರೆ ಸಿಗದೆ ಸುಮಾರು 14 ದಿನಕ್ಕೆ ಕಾರ್ಪಸ್ ಲೂಟಿಯಂ ಮುದುಡುತ್ತೆ. ಕೊನೆಯ ಮೂರು-ನಾಲ್ಕು ದಿನದಲ್ಲೇ ಪ್ರೊಜೆಸ್ಟರಾನ್ ಜಾರತೊಡಗಿರುತ್ತೆ. ಆಗ ಒಳಪದರದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚಿ ಸುರುಳಿ ಧಮನಿಗಳು ಬಿಗಿಯುತ್ತವೆ, ಅಂಗಾಂಶ ಕರಗಿಸುವ ಕಿಣ್ವಗಳು ಬಿಡುಗಡೆಯಾಗುತ್ತವೆ. ರಕ್ತ ಕಾಣಿಸೋದು ಇದೆಲ್ಲ ಆದಮೇಲೆ.

ಮಕಾಕ್ ಮಂಗಗಳ ಪ್ರಯೋಗದಲ್ಲಿ, ಪ್ರೊಜೆಸ್ಟರಾನ್ ತೆಗೆದು ಸುಮಾರು 36 ಗಂಟೆ ಕಳೆದ ಮೇಲೆ ಮತ್ತೆ ಕೊಟ್ಟರೂ ಮುಟ್ಟು ತಡೆಯಲಾಗಲಿಲ್ಲ. ಮುಟ್ಟಿನ ದಿನ ಬೆಳಿಗ್ಗೆ ನುಂಗಿದ ಮಾತ್ರೆ ಸೋಲೋದು ಇದಕ್ಕೇ. ನೊರೆಥಿಸ್ಟರಾನ್ (ಪ್ರೊಜೆಸ್ಟರಾನ್ ತರಹವೇ ಕೆಲಸ ಮಾಡುವ ಕೃತಕ ಹಾರ್ಮೋನ್) ಕಾರ್ಪಸ್ ಲೂಟಿಯಂನ ಆಯಸ್ಸು ಹೆಚ್ಚಿಸಲ್ಲ. ಅದರ ಜಾಗದಲ್ಲಿ ನಿಂತು ಒಳಪದರವನ್ನು ಹಿಡಿದಿಡುತ್ತೆ, ಅಷ್ಟೇ. ಬಿಟ್ಟ ಕೂಡಲೇ ಆ ಇಳಿಕೆ ನಾವೇ ತಂದಂತಾಯಿತು, 2–3 ದಿನಕ್ಕೆ ಮುಟ್ಟು.

ಔಷಧಿ_ಚೀಟಿ:

ಮೇಲಿನದ್ದಕ್ಕೆ ಲೆಕ್ಕ ಸೇರಿಸ್ತೀನಿ, ಎಡವಟ್ಟಾಗೋದು ಬಹುತೇಕ ಇಲ್ಲೇ. ಮುಟ್ಟಿನ ದಿನಾಂಕ 10, ಹಬ್ಬ 12 ಅಂದುಕೊಳ್ಳಿ. 7ರ ಬೆಳಿಗ್ಗೆಯಿಂದ ಶುರು, ಎಂಟೆಂಟು ಗಂಟೆಗೊಂದು. 13ರ ರಾತ್ರಿ ನಿಲ್ಲಿಸಿದರೆ 15–16ಕ್ಕೆ ಮುಟ್ಟು. ಒಟ್ಟು 7 ದಿನ, 21 ಮಾತ್ರೆ. ಈಗ ಹತ್ತು ಮಾತ್ರೆಯ ಒಂದೇ ಸ್ಟ್ರಿಪ್ ಕೊಂಡವರ ಗತಿ ನೋಡಿ: 10ರ ಬೆಳಿಗ್ಗೆಗೆ ಖಾಲಿ. ಅಲ್ಲಿಂದ ಎರಡು ದಿನ ಎಣಿಸಿದರೆ ಹಬ್ಬದ ದಿನವೇ ರಕ್ತಸ್ರಾವ! "ಮಾತ್ರೆ ಕೆಲಸ ಮಾಡಲಿಲ್ಲ" ಅಂತ ದೂರುತ್ತಾರೆ. ಮಾತ್ರೆ ಸರಿಯಾಗೇ ಕೆಲಸ ಮಾಡಿದೆ, ಎಣಿಕೆ ತಪ್ಪಿದೆ.

ದೇಹದಲ್ಲಿ ಇದರ ಅರ್ಧಾಯುಷ್ಯ (ಮಟ್ಟ ಅರ್ಧಕ್ಕೆ ಇಳಿಯಲು ಬೇಕಾದ ಸಮಯ) ಸುಮಾರು 8 ಗಂಟೆ. ಪೂಜೆ, ಅಡುಗೆ, ನೆಂಟರ ಗಡಿಬಿಡಿಯಲ್ಲಿ ಮಧ್ಯಾಹ್ನದ್ದು ಮರೆತರೆ ಮಟ್ಟ ಇಳಿದು ರಕ್ತದ ಕಲೆ ಕಾಣಿಸಬಹುದು. ನೆನಪಾದ ಕೂಡಲೇ ಒಂದು ತಗೊಳ್ಳಿ, ಎರಡು ಒಟ್ಟಿಗೆ ಬೇಡ. ಫಿಟ್ಸ್‌ಗೆ ಕಾರ್ಬಮಜೆಪಿನ್ ಅಥವಾ ಫೆನಿಟೋಯಿನ್, ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುವವರಲ್ಲಿ ಯಕೃತ್ತು ಇದನ್ನು ಬೇಗ ಒಡೆದುಹಾಕುತ್ತೆ, ಪರಿಣಾಮ ಕಡಿಮೆ. ಮೆಫೆನಮಿಕ್ ಆಮ್ಲದ ಮಾತ್ರೆ ಪ್ರೊಸ್ಟಗ್ಲಾಂಡಿನ್ ತಗ್ಗಿಸಿ ನೋವು, ಸ್ರಾವ ಕಡಿಮೆ ಮಾಡಬಹುದು. ಮುಟ್ಟು ಮುಂದೂಡಲು ಅದರಿಂದ ಆಗಲ್ಲ.

ಹೆರಿಗೆವಾರ್ಡ್:

ಅಂಗಡಿಯಲ್ಲಿ ಕೇಳಿ ನುಂಗುವ ಮಾತ್ರೆ ಇದಲ್ಲ, ದಯವಿಟ್ಟು ಮೊದಲು ವೈದ್ಯರನ್ನು ಕಾಣಿ. ನೊರೆಥಿಸ್ಟರಾನ್‌ನ ಸ್ವಲ್ಪ ಭಾಗ ದೇಹದಲ್ಲಿ ಇಥಿನೈಲ್ ಈಸ್ಟ್ರಡಯಾಲ್ (ಗರ್ಭನಿರೋಧಕ ಮಾತ್ರೆಗಳಲ್ಲಿರುವ, ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುವ ಹಾರ್ಮೋನ್) ಆಗಿ ಬದಲಾಗುತ್ತೆ. ದಿನಕ್ಕೆ 10–20 ಮಿ.ಗ್ರಾಂ ತಗೊಂಡರೆ ಅದು ಸುಮಾರು 20–30 ಮೈಕ್ರೋಗ್ರಾಂಗೆ ಸಮ, ಅಂದರೆ ಒಂದು ಸಾಮಾನ್ಯ ಗರ್ಭನಿರೋಧಕ ಮಾತ್ರೆಯಷ್ಟು. ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, ಕಣ್ಣಿಗೆ ಮಿಂಚು ಕಂಡು ಬರುವ ಅರೆತಲೆನೋವಿನವರು, ಸ್ತನ ಕ್ಯಾನ್ಸರ್ ಆಗಿದ್ದವರು, ತೀವ್ರ ಯಕೃತ್ ಕಾಯಿಲೆಯವರು, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇರುವವರು ಮುಟ್ಟಲೇಬಾರದು. ಮಾತ್ರೆ ನಡೆಯುವಾಗ ಒಂದೇ ಕಾಲು ಊದಿ ನೋವಾದರೆ, ಏಕಾಏಕಿ ಉಸಿರು ಕಟ್ಟಿದರೆ, ಹಬ್ಬ ಬಿಟ್ಟು ಆಸ್ಪತ್ರೆಗೆ ಹೋಗಿ. ಹೆಪ್ಪುಗಟ್ಟುವ ಅಪಾಯ ಇದ್ದವರಿಗೆ ವೈದ್ಯರು ಕೆಲವೊಮ್ಮೆ ಇದರ ಬದಲು ಮೆಡ್ರಾಕ್ಸಿಪ್ರೊಜೆಸ್ಟರಾನ್ ಯೋಚಿಸುತ್ತಾರೆ, ಅದು ಹೀಗೆ ಬದಲಾಗಲ್ಲ.

ಮಾಲಾ-ಎನ್ ಗರ್ಭನಿರೋಧಕ ಮಾತ್ರೆ ನುಂಗುತ್ತಿರುವವರಿಗೆ ಬೇರೆ ಮಾತ್ರೆಯೇ ಬೇಡ. ಆ ಪೊಟ್ಟಣದಲ್ಲಿ 21 ಹಾರ್ಮೋನ್ ಮಾತ್ರೆ, 7 ಕಬ್ಬಿಣಾಂಶದ್ದು. ಕಬ್ಬಿಣದ್ದು ಬಿಟ್ಟು, ನೇರ ಮುಂದಿನ ಪೊಟ್ಟಣದ ಹಾರ್ಮೋನ್ ಮಾತ್ರೆಗೆ ಹೋದರಾಯಿತು. ಛಾಯಾ ಎಂಬ ಗರ್ಭನಿರೋಧಕ ಮಾತ್ರೆಯಿಂದ ಈ ಉಪಾಯ ಆಗಲ್ಲ, ಅದು ಹಾರ್ಮೋನ್ ಮಾತ್ರೆಯೇ ಅಲ್ಲ.

ಸಹ್ಯಾದ್ರಿ_ಸಿರಿ:

ಚಕ್ರ ಒಮ್ಮೆ 28, ಒಮ್ಮೆ 35 ದಿನ ಆಗುವವರು ಯಾವ ದಿನ ಹಿಡಿಯಬೇಕು?

ಅಂಡಾಶಯ_ಪಾಠ:

ಹೆಚ್ಚುಕಮ್ಮಿ ಆಗೋದು ಬಹುಪಾಲು ಅಂಡ ಬಿಡುಗಡೆಗೆ ಮೊದಲಿನ ಭಾಗ, ನಂತರದ ಭಾಗ ಎಲ್ಲರಲ್ಲೂ 14 ದಿನದ ಆಸುಪಾಸು. ಅದಕ್ಕೆ ಚಿಕ್ಕ ಚಕ್ರವನ್ನೇ ಲೆಕ್ಕಕ್ಕೆ ಹಿಡಿದು 25ನೇ ದಿನ ಶುರು ಮಾಡೋದು ಕ್ಷೇಮ. ಮಾತ್ರೆಯನ್ನು 14 ದಿನ ಮೀರಿ ಎಳೆಯಬೇಡಿ. ಪಿಸಿಓಎಸ್‌ನಲ್ಲಿ (ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದರೆ) ಎರಡು-ಮೂರು ತಿಂಗಳಿಗೊಮ್ಮೆ ಮುಟ್ಟಾಗುವವರಿಗೆ ಈ ಲೆಕ್ಕ ಹೊಂದಲ್ಲ. ಅಂಡವೇ ಬಿಡುಗಡೆಯಾಗದಿದ್ದರೆ ಇಳಿಯಲು ಪ್ರೊಜೆಸ್ಟರಾನೇ ಇರಲ್ಲ.

ಹೆರಿಗೆವಾರ್ಡ್:

ಹೀಗೆ ತೆಗೆದುಕೊಂಡಾಗ ಇದು ಗರ್ಭನಿರೋಧಕ ಅಲ್ಲ ಅನ್ನೋದೂ ನೆನಪಿರಲಿ, ಅಂಡ ಆಗಲೇ ಹೊರಬಿದ್ದಿರುತ್ತೆ. ಗರ್ಭ ನಿಂತಿರುವ ಸಂಶಯವಿದ್ದರೆ ಶುರು ಮಾಡುವ ಮೊದಲೇ ಮೂತ್ರ ಪರೀಕ್ಷೆ ಮಾಡಿ. ನಿಲ್ಲಿಸಿ ಒಂದು ವಾರವಾದರೂ ಮುಟ್ಟಾಗದಿದ್ದರೆ ಮತ್ತೊಮ್ಮೆ ಮಾಡಿ. ಮುಂದಿನ ಚಕ್ರದ ಮೊದಲ ದಿನ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕಾದ್ದು ಮಾತ್ರೆ ಬಿಟ್ಟ ಮೇಲೆ ರಕ್ತ ಬಂದ ದಿನವನ್ನು, ತಪ್ಪಿಸಿದ ಹಳೆಯ ದಿನಾಂಕವನ್ನಲ್ಲ.