ವಿದೇಶದಲ್ಲಿ ವರದಿಗೆ ಹೋದಾಗ ಚಿತ್ರದ ಜೊತೆ ಏನೇನು ಬರೆದಿಟ್ಟುಕೊಳ್ಳಬೇಕು?

ಪ್ರಶ್ನೆ: ಕಪ್ಪುಬಿಳುಪು

ನಿರಾಶ್ರಿತರ ಶಿಬಿರ, ನೆರೆ, ಗಡಿಯ ಸಂಘರ್ಷ ಇಂಥ ಕಡೆ ದಿನಕ್ಕೆ ನೂರಾರು ಫ್ರೇಮ್ ಆಗುತ್ತವೆ. ವಾರ ಬಿಟ್ಟು ಕ್ಯಾಪ್ಶನ್ ಬರೆಯಲು ಕೂತರೆ ಹೆಸರು, ಊರು ಎಲ್ಲ ಕಲಸಿಹೋಗುತ್ತವೆ. ಸಂಪಾದಕರು ಚಿತ್ರಸರಣಿಯ ಜೊತೆಗೆ ಛಾಯಾಗ್ರಾಹಕರ ಅನುಭವ ಬರಹವನ್ನೂ ಕೇಳುತ್ತಾರೆ. ಎರಡಕ್ಕೂ ಒದಗುವ ಹಾಗೆ ಸ್ಥಳದಲ್ಲೇ ಏನನ್ನು ಬರೆದುಕೊಳ್ಳಬೇಕು? ಭಾಷೆ ಬಾರದ ಕಡೆ ಹೆಸರುಗಳ ಗತಿಯೇನು? ಚಿತ್ರದಲ್ಲಿರುವವರಿಗೆ ತೊಂದರೆಯಾಗದಂತೆ ಎಷ್ಟು ಹೇಳಬಹುದು?

ಉತ್ತರ: ಮೂರನೇಫ್ರೇಮ್

ಮೊದಲು ಗಡಿಯಾರ ಸರಿಮಾಡಿ. ಸೆಕೆಂಡು ಕಾಣುವ ಫೋನ್ ಗಡಿಯಾರವನ್ನು ಎರಡೂ ಕ್ಯಾಮೆರಾಗಳಿಂದ ಬೆಳಿಗ್ಗೆ ಒಂದೊಂದು ಫ್ರೇಮ್ ತೆಗೆಯಿರಿ. ಕ್ಯಾಮೆರಾ ಎಷ್ಟು ಹಿಂದೆ ಮುಂದೆ ಇದೆ ಅನ್ನೋದು ಅದರಲ್ಲೇ ದಾಖಲಾಗುತ್ತದೆ. ಆಮೇಲೆ ಸಾಫ್ಟ್‌ವೇರಿನಲ್ಲಿ ಒಟ್ಟಿಗೆ ಸರಿಪಡಿಸಬಹುದು. ಟೈಮ್ ಝೋನ್ ಬದಲಿಸಲು ಮರೆತರೆ ಮಧ್ಯರಾತ್ರಿಯ ಆಸುಪಾಸಿನ ಚಿತ್ರಗಳ ತಾರೀಖೇ ತಪ್ಪುತ್ತದೆ.

ನೋಟ್‌ಬುಕ್ಕಿನಲ್ಲಿ ಫ್ರೇಮ್ ಸಂಖ್ಯೆಗಿಂತ ಸಮಯ ಬರೆಯುವುದು ಮೇಲು. 9999 ಮುಗಿದ ಮೇಲೆ ಸಂಖ್ಯೆ ಮತ್ತೆ 0001ರಿಂದ ಶುರುವಾಗುತ್ತದೆ, ಎರಡು ಕ್ಯಾಮೆರಾ ಬಾಡಿ ಇದ್ದರೆ ಒಂದೇ ಸಂಖ್ಯೆಯ ಎರಡು ಫೈಲ್ ಬರುತ್ತವೆ.

ಹೆಸರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ: ಅವರ ಚಿತ್ರ ತೆಗೆದ ಕೂಡಲೇ ನೋಟ್‌ಬುಕ್ ಕೊಟ್ಟು ಅವರ ಲಿಪಿಯಲ್ಲೇ ಹೆಸರು ಬರೆಸಿ, ಕೆಳಗೆ ದುಭಾಷಿಯಿಂದ ರೋಮನ್ ಅಕ್ಷರದಲ್ಲಿ ಬರೆಸಿ, ಆ ಹಾಳೆಯದೇ ಒಂದು ಫ್ರೇಮ್ ತೆಗೆಯಿರಿ. ಮುಖದ ಪಕ್ಕದಲ್ಲೇ ಹೆಸರು ಕೂರುತ್ತದೆ. ಬರೆಯಲು ಬಾರದವರಾದರೆ ಧ್ವನಿ ದಾಖಲಿಸಿ. ಗುಂಪಿದ್ದರೆ ಎಡದಿಂದ ಬಲಕ್ಕೆ ಯಾರು ಯಾರು, ಒಬ್ಬರಿಗೊಬ್ಬರು ಏನಾಗಬೇಕು ಅನ್ನೋದನ್ನೂ ಬರೆಯಿರಿ. ಕೆಲವು ಕ್ಯಾಮೆರಾಗಳಲ್ಲಿ ಫ್ರೇಮಿಗೇ ಧ್ವನಿ ಟಿಪ್ಪಣಿ ಸೇರಿಸಬಹುದು, ಆದರೆ ಅದು ಬೇರೆಯೇ ವೇವ್ ಫೈಲಾಗಿರುತ್ತದೆ. ಇಂಪೋರ್ಟ್ ಮಾಡುವಾಗ ಅದು ಕಾರ್ಡಿನಲ್ಲೇ ಉಳಿದುಹೋಗಿ, ಫಾರ್ಮ್ಯಾಟ್ ಮಾಡಿದಾಗ ಅಳಿದುಹೋಗುವುದುಂಟು.

ಪೆನ್ನಿಗಿಂತ ಪೆನ್ಸಿಲ್ ವಾಸಿ. ಮಳೆಗೆ ಶಾಯಿ ಹರಡುತ್ತದೆ, ಕೊರೆಯುವ ಚಳಿಗೆ ಬಾಲ್‌ಪೆನ್ ಬರೆಯುವುದಿಲ್ಲ.

ಉತ್ತರ: ಅಡಿಬರಹ

ಕ್ಯಾಪ್ಶನ್ ಅದೇ ರಾತ್ರಿ ಆಗಬೇಕು. ಸುದ್ದಿಸಂಸ್ಥೆಗಳ ರೂಢಿ ಹೀಗಿದೆ: ಮೊದಲ ವಾಕ್ಯ ವರ್ತಮಾನಕಾಲದಲ್ಲಿ, ಯಾರು, ಏನು ಮಾಡುತ್ತಿದ್ದಾರೆ, ಎಲ್ಲಿ, ಯಾವ ದಿನ. ಎರಡನೆಯದು ಹಿನ್ನೆಲೆ, ಅಂಕಿಅಂಶವಿದ್ದರೆ ಯಾರು ಹೇಳಿದ್ದು ಎನ್ನುವುದು ಅಲ್ಲೇ ಇರಬೇಕು. ಕಣ್ಣೀರು ಕಾಣುತ್ತದೆ, ಅದರ ಕಾರಣ ಕಾಣುವುದಿಲ್ಲ. ಕೇಳಿ ತಿಳಿದಿದ್ದರೆ ಮಾತ್ರ ಬರೆಯಿರಿ. ನೀವು ನಿಲ್ಲಿಸಿ ತೆಗೆದ ಭಾವಚಿತ್ರವಾದರೆ ಅದನ್ನೂ ಹೇಳಿ.

ಊರು, ದೇಶ, ತಾರೀಖು, ಕ್ರೆಡಿಟ್‌ಗೆ ಐಪಿಟಿಸಿ ಟೆಂಪ್ಲೇಟ್ (ಚಿತ್ರದ ಫೈಲಿನೊಳಗೇ ಮಾಹಿತಿ ತುಂಬುವ ಸಿದ್ಧ ನಮೂನೆ) ಬಳಸುತ್ತೇವಲ್ಲ, ತಪ್ಪು ನುಸುಳುವುದು ಬಹುಪಾಲು ಅಲ್ಲೇ. ನಿನ್ನೆಯ ಟೆಂಪ್ಲೇಟ್ ಇವತ್ತಿನ ಫೋಲ್ಡರಿಗೆ ಅಂಟಿ, ಊರೇ ಬದಲಾಗಿಬಿಡುತ್ತದೆ. ದಿನಕ್ಕೊಂದು ಹೊಸ ಟೆಂಪ್ಲೇಟ್ ಮಾಡಿ, ಹಳೆಯದನ್ನು ಅಳಿಸಿ.

ರಾ ಫೈಲುಗಳನ್ನು (ಕ್ಯಾಮೆರಾ ದಾಖಲಿಸಿದ, ತಿದ್ದದ ಮೂಲ ಫೈಲು), ಮುಖ್ಯ ಚಿತ್ರದ ಹಿಂದಿನ ಮುಂದಿನ ಫ್ರೇಮುಗಳ ಸಮೇತ, ಉಳಿಸಿಕೊಳ್ಳಿ. 2015ರ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ ಕೊನೆಯದಕ್ಕೆ ಮುಂಚಿನ ಸುತ್ತು ತಲುಪಿದ್ದ ಚಿತ್ರಗಳಲ್ಲಿ ಸುಮಾರು 20% ಮೂಲ ಫೈಲಿನೊಂದಿಗೆ ಹೋಲಿಸಿದಾಗ ಅನರ್ಹವಾದವು. 2003ರಲ್ಲಿ ಇರಾಕ್‌ನ ಎರಡು ಫ್ರೇಮುಗಳನ್ನು ಬೆಸೆದು ಒಂದೇ ಚಿತ್ರವಾಗಿ ಕಳಿಸಿದ್ದಕ್ಕೆ ಲಾಸ್ ಏಂಜಲಿಸ್ ಟೈಮ್ಸ್‌ನ ಛಾಯಾಗ್ರಾಹಕ ಬ್ರಯಾನ್ ವಾಲ್ಸ್ಕಿ ಕೆಲಸ ಕಳೆದುಕೊಂಡರು. ಬೆಳಕು, ಬಣ್ಣ ಹದಮಾಡುವುದು ಬೇರೆ. ಇದ್ದದ್ದನ್ನು ತೆಗೆಯುವುದು, ಇಲ್ಲದ್ದನ್ನು ಸೇರಿಸುವುದು ಚಿಕ್ಕದಾದರೂ ಸುಳ್ಳೇ.

ಉತ್ತರ: ನೆರಳುಗಡಿ

ಕೊನೆಯ ಪ್ರಶ್ನೆಗೆ: ಅಪಾಯದಲ್ಲಿರುವವರ ನಿಜವಾದ ಹೆಸರು ಮೆಟಾಡೇಟಾದಲ್ಲಿ (ಫೈಲಿನೊಳಗೆ ಅಡಗಿರುವ ಮಾಹಿತಿಯಲ್ಲಿ) ಇರಲೇಬಾರದು. ಅಲ್ಲಿ ಸಂಕೇತ ಮಾತ್ರ. ಸಂಕೇತಕ್ಕೆ ಹೆಸರು ಕೂಡಿಸುವ ಪಟ್ಟಿ ಬೇರೆ ಎನ್‌ಕ್ರಿಪ್ಟ್ ಮಾಡಿದ ಫೈಲಿನಲ್ಲಿ. ಮೂರನೇಫ್ರೇಮ್ ಹೇಳಿದ ಹೆಸರಿನ ಹಾಳೆಯ ಉಪಾಯ ಇಂಥವರಿಗೆ ಸಲ್ಲದು, ಚೆಕ್‌ಪೋಸ್ಟಿನಲ್ಲಿ ಕ್ಯಾಮೆರಾ ಕಸಿದುಕೊಂಡರೆ ಎಲ್ಲ ಒಟ್ಟಿಗೇ ಸಿಗುತ್ತದೆ.

ಜಿಪಿಎಸ್ ಆಫ್ ಮಾಡಿ, ಮುಖ್ಯವಾಗಿ ಫೋನಿನಲ್ಲಿ. 2012ರ ಡಿಸೆಂಬರಿನಲ್ಲಿ ವೈಸ್ ಪತ್ರಿಕೆ ಪ್ರಕಟಿಸಿದ ಫೋನ್ ಚಿತ್ರದಲ್ಲಿ ಸ್ಥಳದ ಅಕ್ಷಾಂಶ ರೇಖಾಂಶ ಉಳಿದಿತ್ತು. ತಲೆಮರೆಸಿಕೊಂಡಿದ್ದ, ಮೆಕಾಫೀ ಆಂಟಿವೈರಸ್ ಕಂಪನಿಯ ಸ್ಥಾಪಕ ಜಾನ್ ಮೆಕಾಫೀ ಗ್ವಾಟೆಮಾಲಾದಲ್ಲಿರುವುದು ಹಾಗೆ ಬಯಲಾಯಿತು.

ಮುಖ ಮರೆಮಾಡಿದರೆ ಸಾಲದು. ಹಚ್ಚೆ, ಉಂಗುರ, ಶಾಲೆಯ ಬ್ಯಾಡ್ಜ್, ಬಾಗಿಲಿನ ಬಣ್ಣ, ಕನ್ನಡಿಯಲ್ಲಿನ ಪ್ರತಿಬಿಂಬ ಇವೆಲ್ಲ ಊರಿನವರಿಗೆ ಗುರುತು ಹೇಳುತ್ತವೆ. ತೆಗೆಯುವಾಗಲೇ ಬೆನ್ನಹಿಂದಿನ ಬೆಳಕಿನಲ್ಲಿ ಕಪ್ಪು ಆಕೃತಿಯಾಗಿ ತೆಗೆಯುವುದು ಆಮೇಲೆ ಮಸುಕು ಮಾಡುವುದಕ್ಕಿಂತ ಎಷ್ಟೋ ಭದ್ರ. ಕ್ರಾಪ್ ಮಾಡಿದ ಫೈಲಿನೊಳಗೆ ಪೂರ್ತಿ ಚಿತ್ರದ ಪುಟ್ಟ ಥಂಬ್‌ನೇಲ್ ಉಳಿಯುವುದೂ ಇದೆ, ಹೊಸ ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡಿ ಪರೀಕ್ಷಿಸಿ.

ಒಪ್ಪಿಗೆ ಕೇಳುವಾಗ "ಪತ್ರಿಕೆಯಲ್ಲಿ ಬರುತ್ತದೆ" ಅಂದರೆ ಸಾಲದು. "ನಿಮ್ಮೂರಿನವರ ಫೋನಿನಲ್ಲೂ ಕಾಣುತ್ತದೆ" ಎಂದು ದುಭಾಷಿಯಿಂದ ಹೇಳಿಸಿ, ಅವರಿಗೆ ಏನು ಅರ್ಥವಾಯಿತೆಂದು ತಿರುಗಿ ಕೇಳಿಸಿ.

ಉತ್ತರ: ಅಡಿಬರಹ

ಅನುಭವ ಬರಹದ ವಿಷಯ ಬಿಟ್ಟುಹೋಯಿತು. ಅದಕ್ಕೆ ಬೇಕಾದದ್ದು ಚೌಕಟ್ಟಿನ ಹೊರಗಿನದು. ಅಲ್ಲಿಗೆ ಕರೆದುಕೊಂಡು ಹೋದವರು ಯಾರು, ಎಷ್ಟು ಹೊತ್ತು ಇದ್ದಿರಿ, ಪಕ್ಕದಲ್ಲಿ ಎಷ್ಟು ಕ್ಯಾಮೆರಾಗಳಿದ್ದವು, ಯಾರು ಬೇಡವೆಂದರು, ವಾಸನೆ, ಸದ್ದು. ಎಲ್ಲಕ್ಕಿಂತ ಮುಖ್ಯ, ಫ್ರೇಮ್ ಆದಮೇಲೆ ಏನಾಯಿತು.

1993ರ ಮಾರ್ಚಿನಲ್ಲಿ ಸುಡಾನಿನ ಅಯೋದ್‌ನಲ್ಲಿ ಕೆವಿನ್ ಕಾರ್ಟರ್ ತೆಗೆದ ಮಗು ಮತ್ತು ರಣಹದ್ದಿನ ಚಿತ್ರ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದಾಗ ಓದುಗರು ಕೇಳಿದ್ದು ಅದನ್ನೇ. ಮಗು ಆಹಾರ ಕೇಂದ್ರ ತಲುಪಿತೋ ಇಲ್ಲವೋ ತಿಳಿಯದೆಂದು ಪತ್ರಿಕೆ ಟಿಪ್ಪಣಿ ಹಾಕಬೇಕಾಯಿತು. ಹುಡುಗಿ ಎಂದು ಬರೆಯಲಾಗಿದ್ದ ಆ ಮಗು ಹುಡುಗ ಎಂದು ಸ್ಪೇನಿನ ಪತ್ರಿಕೆಯೊಂದು 2011ರಲ್ಲಿ ವರದಿ ಮಾಡಿತು. ಚಿತ್ರಕ್ಕೆ 1994ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದಿತ್ತು. ಹೆಸರು, ಜೊತೆಗಿದ್ದವರು, ಆಮೇಲೆ ಎಲ್ಲಿಗೆ ಹೋದರು ಎಂಬ ಮೂರು ಸಾಲು ನೋಟ್‌ಬುಕ್ಕಿನಲ್ಲಿ ಇರಲೇಬೇಕು. ಅವರನ್ನು ಮತ್ತೆ ಹುಡುಕಲು ಸ್ಥಳೀಯ ನೆರವು ಕಾರ್ಯಕರ್ತರೊಬ್ಬರ ಸಂಪರ್ಕವೂ ಇರಲಿ.